ಗರ್ಭಿಣಿಯ ನಗರ ಪ್ರವಾಸ: ಮೈಸೂರಿಗೆ ಹೊರಡುವ ಮುನ್ನ

ಗರ್ಭಿಣಿಯ ಬಯಕೆ ಎಂದೊಡನೆ ನಮಗೆ ನೆನಪಾಗುವುದು ಹುಳಿಮಾವು, ಹುಣಸೆ, ನೆಲ್ಲಿಕಾಯಿ ಇಂಥವು. ಆಯುರ್ವೇದ ಶಾಸ್ತ್ರವು ಬಯಕೆಯನ್ನು ನಾಲಿಗೆಗೆ ಮಾತ್ರ ಸೀಮಿತಗೊಳಿಸಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ‘ದೌಹೃದಿನೀ’, ಎಂದರೆ ಎರಡು ಹೃದಯಗಳುಳ್ಳವಳು ಎಂದು ಕರೆಯಲಾಗಿದೆ. ಅಲ್ಲಿ ಆಕೆಯ ಬಯಕೆಗಳ ಒಂದು ಉದ್ದನೆಯ ಪಟ್ಟಿಯೇ ಇದೆ. ರಾಜನನ್ನು ಕಾಣಬೇಕೆಂಬ ಬಯಕೆ, ರೇಷ್ಮೆಯ ವಸ್ತ್ರ ಹಾಗೂ ಒಡವೆಗಳ ಬಯಕೆ, ಆಶ್ರಮಕ್ಕೆ ಹೋಗಬೇಕೆಂಬ ಬಯಕೆ ಎಲ್ಲವೂ ಅದರಲ್ಲಿ ಸೇರಿವೆ. ಇಂತಿಂಥ ಬಯಕೆಯಾದರೆ ಇಂತಿಂಥ ಮಗು ಹುಟ್ಟುವುದೆಂಬ ಅಲ್ಲಿಯ ಮಾತನ್ನು ಇಂದು ನಾವು ಅಕ್ಷರಶಃ ಒಪ್ಪಬೇಕಾಗಿಲ್ಲ. ಆದರೆ ಹೊರಗೆ ಹೋಗಿ ಹೊಸದೊಂದನ್ನು ನೋಡಿ ಬರಬೇಕೆಂಬ ಆಸೆಯೂ ಗರ್ಭಿಣಿಯ ಸಹಜ ಬಯಕೆಯೇ ಎಂಬುದನ್ನು ನಮ್ಮ ಪ್ರಾಚೀನ ವೈದ್ಯರು ಗುರುತಿಸಿದ್ದರೆಂಬುದು ಗಮನಾರ್ಹ.

ಈಗಿನ ಯುವ ದಂಪತಿಗಳು ಹೆರಿಗೆಗೆ ಮುನ್ನ ಎರಡು ಮೂರು ದಿನ ಬೇರೊಂದು ಊರಿಗೆ ಹೋಗಿ ಬರುವ ರೂಢಿಯನ್ನು ‘ಬೇಬಿಮೂನ್’ ಎಂದು ಕರೆಯುತ್ತಾರೆ. ಹೆಸರು ವಿದೇಶದ್ದು, ಆಸೆ ಹಳೆಯದೇ. ನಮ್ಮ ಚಿಕಿತ್ಸಾಲಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಮಗಳು ಅಥವಾ ಸೊಸೆ ಕೇಳುತ್ತಾಳೆ. ಪಕ್ಕದಲ್ಲಿ ಕುಳಿತ ಹಿರಿಯರು ನಾನು ಬೇಡವೆನ್ನಲೆಂದು ನನ್ನ ಮುಖ ನೋಡುತ್ತಾರೆ. ನಾನು ಸಾರಾಸಗಟಾಗಿ ಬೇಡವೆನ್ನುವ ಪಕ್ಷದವನಲ್ಲ. ಬಸಿರೆಂಬುದು ರೋಗವಲ್ಲ. ಬಯಕೆಯು ತೀವ್ರವಾಗಿದ್ದರೆ ಅಹಿತವಾದುದನ್ನು ಕೂಡ ಹಿತವಾದುದರೊಡನೆ ಕೂಡಿಸಿ ಕೊಡಬೇಕೆಂದು ಚರಕಾಚಾರ್ಯರು ಹೇಳಿದ್ದಾರೆ. ಪ್ರವಾಸಕ್ಕೂ ಇದೇ ಸೂತ್ರ ಸಲ್ಲುತ್ತದೆ. ಹಿತವನ್ನು ಹೇಗೆ ಕೂಡಿಸಬೇಕೆಂಬುದೇ ಈ ಲೇಖನದ ವಿಷಯ. ಉದಾಹರಣೆಗಾಗಿ ಮೈಸೂರನ್ನು ತೆಗೆದುಕೊಂಡಿದ್ದೇನೆ. ಹವೆ ಹಿತವಾಗಿದೆ, ನೋಡತಕ್ಕ ಸ್ಥಳಗಳು ಒಂದಕ್ಕೊಂದು ಸಮೀಪದಲ್ಲಿವೆ, ಒಳ್ಳೆಯ ಆಸ್ಪತ್ರೆಗಳಿವೆ. ನಮ್ಮ ಕಡೆಯಿಂದ ಬಹು ಮಂದಿ ಹೋಗಲು ಬಯಸುವ ಊರೂ ಅದೇ.

ಯಾವಾಗ ಹೋಗಬೇಕು

ಮೊದಲ ಮೂರು ತಿಂಗಳು ಬೇಡ. ವಾಕರಿಕೆ, ವಾಂತಿ, ಸುಸ್ತುಗಳಿಂದ ಪ್ರವಾಸದಲ್ಲಿ ಸಂತೋಷವೇ ಇರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಸ್ವಲ್ಪ ವಿವರಿಸಬೇಕು. ಗರ್ಭಪಾತಗಳಲ್ಲಿ ಹೆಚ್ಚಿನವು ಸಂಭವಿಸುವುದು ಈ ಅವಧಿಯಲ್ಲಿಯೇ. ಅವುಗಳಲ್ಲಿ ಅರ್ಧದಷ್ಟಕ್ಕೆ ಅಥವಾ ಅದಕ್ಕೂ ಹೆಚ್ಚಿನವುಗಳಿಗೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ತಾಯಿ ಬಸ್ಸು ಹತ್ತಿದಳೆಂದೋ ಮೆಟ್ಟಿಲೇರಿದಳೆಂದೋ ಅವು ಆಗುವುದಿಲ್ಲ. ಆದರೆ ಪ್ರವಾಸದಿಂದ ಬಂದ ವಾರದಲ್ಲಿ ಹಾಗಾದರೆ ಮನೆಯವರು ಕಾರಣವನ್ನು ಎಲ್ಲಿ ಹುಡುಕುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ‘ನೀನು ಹೋಗಬಾರದಿತ್ತು’ ಎಂಬ ಮಾತನ್ನು ಇಪ್ಪತ್ತು ವರ್ಷಗಳ ಕಾಲ ಎದೆಯಲ್ಲಿ ಹೊತ್ತು ತಿರುಗಿದ ತಾಯಂದಿರನ್ನು ನಾನು ಕಂಡಿದ್ದೇನೆ. ತಾನು ಮಾಡದ ತಪ್ಪಿನ ಹೊರೆಯನ್ನು ಹೆಣ್ಣುಮಗಳೊಬ್ಬಳು ಹೊರಬಾರದೆಂಬ ಕಾರಣಕ್ಕಾದರೂ ಮೂರು ತಿಂಗಳು ಕಾಯುವುದು ಲೇಸು.

18ರಿಂದ 20ನೆಯ ವಾರದ ನಡುವೆ ಮಗುವಿನ ಅಂಗಾಂಗಗಳನ್ನು ಪರೀಕ್ಷಿಸುವ ಸ್ಕ್ಯಾನಿಂಗ್ ನಡೆಯುತ್ತದೆ. ಮಾಸು ಗರ್ಭಕೋಶದ ಯಾವ ಭಾಗದಲ್ಲಿ ಅಂಟಿಕೊಂಡಿದೆ ಎಂಬುದೂ ಅದರಲ್ಲಿ ತಿಳಿಯುತ್ತದೆ. ಆ ವರದಿ ಕೈಸೇರಿದ ಮೇಲೆಯೇ ಹೋಟೆಲಿನ ಕೊಠಡಿಯನ್ನು ಕಾಯ್ದಿರಿಸುವುದು ಬುದ್ಧಿವಂತಿಕೆ. ನನ್ನ ಅಭಿಪ್ರಾಯದಲ್ಲಿ 20ರಿಂದ 26ನೆಯ ವಾರದವರೆಗಿನ ಕಾಲ ಅತ್ಯಂತ ಪ್ರಶಸ್ತ. ವಾಂತಿ ನಿಂತಿರುತ್ತದೆ, ಹೊಟ್ಟೆಯಿನ್ನೂ ಭಾರವಾಗಿರುವುದಿಲ್ಲ, ಮಗುವಿನ ಮಿಸುಕಾಟ ತಾಯಿಗೆ ತಿಳಿಯುತ್ತಿರುತ್ತದೆ.

ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿಯಿಂದ ಮಗುವಿಗೂ ಮಗುವಿನಿಂದ ತಾಯಿಗೂ ಚಲಿಸುತ್ತ ಅಸ್ಥಿರವಾಗಿರುತ್ತದೆ, ಆದುದರಿಂದ ಆ ಕಾಲದ ಹೆರಿಗೆ ಅಪಾಯಕರವೆಂದು ಚರಕ ಸಂಹಿತೆ ತಿಳಿಸುತ್ತದೆ. ನಮ್ಮ ಕಡೆ ಏಳನೆಯ ತಿಂಗಳಿನಲ್ಲಿ ಕುಬಸ ಮಾಡಿ ತವರಿಗೆ ಕರೆತಂದ ಮೇಲೆ ಎಂಟರಲ್ಲಿ ಆಕೆಯನ್ನು ಕದಲಿಸಬಾರದೆಂಬ ರೂಢಿಯಿದೆ. ಅವಧಿಗೆ ಮುನ್ನ ಹೆರಿಗೆ ಮತ್ತು ರಕ್ತದೊತ್ತಡದ ಏರಿಕೆ ಈ ಹಂತದಲ್ಲಿ ಹೆಚ್ಚೆಂಬುದು ಆಧುನಿಕ ವೈದ್ಯದ ಅನುಭವ. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ 32 ವಾರಗಳಾದ ಮೇಲೆ ವೈದ್ಯರ ಪ್ರಮಾಣಪತ್ರ ಕೇಳುವುದೂ, 36 ವಾರಗಳಾದ ಮೇಲೆ ಹತ್ತಿಸಿಕೊಳ್ಳದಿರುವುದೂ ಇದಕ್ಕಾಗಿಯೇ.

ಕೆಲವರು ಯಾವ ತಿಂಗಳಿನಲ್ಲಿಯೂ ಹೋಗಬಾರದು. ರಕ್ತಸ್ರಾವ ಕಂಡವರು, ಮಾಸು ಗರ್ಭದ್ವಾರವನ್ನು ಮುಚ್ಚಿಕೊಂಡಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಹಿಂದೆ ದಿನ ತುಂಬುವ ಮೊದಲೇ ಹೆತ್ತವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ತೀವ್ರ ರಕ್ತಹೀನತೆಯುಳ್ಳವರು ಆಸೆಯನ್ನು ಮುಂದಕ್ಕೆ ಹಾಕಬೇಕು. ಅವಳಿ ಮಕ್ಕಳ ಗರ್ಭವಿದ್ದರೆ ತಮ್ಮ ಪ್ರಸೂತಿ ತಜ್ಞರ ಮಾತೇ ಅಂತಿಮ. ವಾಸ್ತವವಾಗಿ ಎಲ್ಲರೂ ಹೊರಡುವ ವಾರದಲ್ಲಿ ಒಮ್ಮೆ ತಪಾಸಣೆ ಮಾಡಿಸಿಕೊಂಡೇ ಹೊರಡಬೇಕು.

ತುಂಬಿದ ಎಣ್ಣೆಯ ಪಾತ್ರೆ

ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ, ತುಳುಕದಂತೆ ನೋಡಿಕೊಳ್ಳಬೇಕೆಂದು ಚರಕರು ಒಂದು ಹೋಲಿಕೆಯನ್ನು ಕೊಟ್ಟಿದ್ದಾರೆ. ಗರ್ಭಕ್ಕೆ ಹಾನಿಮಾಡುವ ಸಂಗತಿಗಳಲ್ಲಿ ಕುಲುಕಾಡುವ ವಾಹನವನ್ನೂ ಅವರು ಸೇರಿಸಿದ್ದಾರೆ. ಅವರ ಕಾಲದ ವಾಹನ ಎತ್ತಿನ ಗಾಡಿ ಎಂಬುದನ್ನು ಮರೆಯಬಾರದು. ಮಗು ನೀರಿನ ಚೀಲದಲ್ಲಿ ತೇಲುತ್ತಿರುತ್ತದೆ, ರಸ್ತೆಯ ಸಾಮಾನ್ಯ ಕುಲುಕಾಟ ಅದನ್ನು ಮುಟ್ಟುವುದಿಲ್ಲ. ಭಯಪಡಬೇಕಾದುದು ಹಠಾತ್ ಹೊಡೆತಕ್ಕೆ. ಜೋರಾದ ಅಪಘಾತದಲ್ಲಿ ಮಗುವಿಗೆ ಪೆಟ್ಟಾಗದಿದ್ದರೂ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳಬಹುದು. ಆದುದರಿಂದ ಕಾರಿನಲ್ಲಿ ಸೀಟ್ ಬೆಲ್ಟನ್ನು ಧರಿಸಲೇಬೇಕು. ಹೊಟ್ಟೆ ಒತ್ತುತ್ತದೆಂದು ಬಿಚ್ಚಿಡುವ ಅಭ್ಯಾಸ ಬಹಳ ಮಂದಿಗಿದೆ, ಅದು ಸರಿಯಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬಾರದೆ ಅದರ ಕೆಳಗೆ, ಸೊಂಟದ ಎಲುಬುಗಳ ಮೇಲೆ ಕೂರಬೇಕು. ಹೆಗಲ ಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು.

ಬೆಂಗಳೂರಿನಿಂದ ಮೈಸೂರಿಗೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಸುಮಾರು 119 ಕಿಲೋಮೀಟರ್ ಉದ್ದವಿದ್ದು, ಎರಡು ಗಂಟೆಯೊಳಗೆ ಊರು ಮುಟ್ಟಬಹುದು. ವೇಗ ಹೆಚ್ಚಿಸಲು ಆಸೆ ಹುಟ್ಟಿಸುವ ರಸ್ತೆ ಅದು. ಚಾಲಕನಿಗೆ ಮೊದಲೇ ಹೇಳಿಡಬೇಕು. ಹುಬ್ಬಳ್ಳಿ, ದಾವಣಗೆರೆಯಂತಹ ದೂರದ ಊರುಗಳಿಂದ ಹೊರಡುವವರಿಗೆ ನಾನು ರೈಲನ್ನೇ ಸೂಚಿಸುತ್ತೇನೆ. ಕಾಲು ಚಾಚಬಹುದು, ಎದ್ದು ಓಡಾಡಬಹುದು, ಶೌಚಾಲಯ ಹತ್ತಿರದಲ್ಲಿರುತ್ತದೆ. ಕೆಳಗಿನ ಬರ್ತುಗಳಲ್ಲಿ ಹಿರಿಯ ನಾಗರಿಕರೊಡನೆ ಗರ್ಭಿಣಿಯರಿಗೂ ರೈಲ್ವೆ ಇಲಾಖೆ ಒಂದು ಪಾಲನ್ನು ಮೀಸಲಿಟ್ಟಿದೆ. ಟಿಕೆಟ್ ಕೌಂಟರಿಗೆ ವೈದ್ಯರ ಪ್ರಮಾಣಪತ್ರ ಒಯ್ದು ವಿಚಾರಿಸಬೇಕು. ಮೇಲಿನ ಬರ್ತು ಸಿಕ್ಕಿತೆಂದು ಏರುವ ಸಾಹಸ ಸಲ್ಲದು.

ಯಾವ ವಾಹನವೇ ಆಗಲಿ, ನಾಲ್ಕು ಗಂಟೆಗೂ ಮೀರಿ ಕಾಲು ಇಳಿಬಿಟ್ಟು ಕುಳಿತಿರಬಾರದು. ಹೆರಿಗೆಯ ಕಾಲದ ರಕ್ತಸ್ರಾವವನ್ನು ತಡೆಯಲು ಪ್ರಕೃತಿಯು ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಕೊಟ್ಟಿರುತ್ತದೆ. ಅದೇ ಗುಣ ದೀರ್ಘ ಪ್ರಯಾಣದಲ್ಲಿ ಕಾಲಿನ ಒಳ ರಕ್ತನಾಳದಲ್ಲಿ ಗರಣೆ ಕಟ್ಟಲು ಕಾರಣವಾಗಬಹುದು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕುಳಿತಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು ಇದಕ್ಕೆ ಸಾಕು. ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ತಿಕ್ಕಿಸಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು.

ನೀರು ಮತ್ತು ಶೌಚಾಲಯ

ಈ ವಿಷಯವನ್ನು ಸಂಕೋಚವಿಲ್ಲದೆ ಬರೆಯಬೇಕಾಗಿದೆ, ಏಕೆಂದರೆ ಸಂಕೋಚದಿಂದಲೇ ಅತಿ ಹೆಚ್ಚು ಹಾನಿಯಾಗುತ್ತಿದೆ. ನಮ್ಮ ಹೆಣ್ಣುಮಕ್ಕಳು ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಸ್ವಚ್ಛವಾದ ಶೌಚಾಲಯ ಸಿಗದೆಂಬ ಭಯ, ಸಿಕ್ಕರೂ ವಾಹನ ನಿಲ್ಲಿಸಿರೆಂದು ಹೇಳಲು ನಾಚಿಕೆ. ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದು ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಕುಳಿತಿರುವುದನ್ನು ಅವರು ಒಂದು ಜಾಣತನವೆಂದೇ ಭಾವಿಸಿದ್ದಾರೆ. ಬಸುರಿಯ ವಿಷಯದಲ್ಲಿ ಇದು ನಿಜಕ್ಕೂ ಅಪಾಯಕರ. ಗರ್ಭಾವಸ್ಥೆಯಲ್ಲಿ ಮೂತ್ರನಾಳಗಳು ಸಡಿಲಗೊಂಡಿರುತ್ತವೆ, ಬೆಳೆಯುವ ಗರ್ಭಕೋಶ ಅವುಗಳನ್ನು ಒತ್ತುತ್ತದೆ. ಆದುದರಿಂದ ಮೂತ್ರ ನಿಧಾನವಾಗಿ ಹರಿದು ಸೋಂಕಿಗೆ ಎಡೆಯಾಗುತ್ತದೆ. ನೀರು ಕಡಿಮೆಯಾಗಿ ತಡೆಹಿಡಿಯುವುದೂ ಸೇರಿದರೆ ಸೋಂಕು ಮೂತ್ರಪಿಂಡದವರೆಗೂ ಏರಬಹುದು. ಚಳಿಜ್ವರ ಬಂದು, ಅದರ ಹಿಂದೆಯೇ ಅಕಾಲದ ನೋವು ಶುರುವಾಗುವುದುಂಟು.

ಕೆಲವು ವರ್ಷಗಳ ಹಿಂದೆ ಆರು ತಿಂಗಳ ಗರ್ಭಿಣಿಯೊಬ್ಬಳನ್ನು ನಮ್ಮಲ್ಲಿಗೆ ಕರೆತಂದಿದ್ದರು. ಕುಟುಂಬದ ಹದಿನಾಲ್ಕು ಮಂದಿಯೊಡನೆ ಒಂದು ದೊಡ್ಡ ವಾಹನದಲ್ಲಿ ಎರಡು ದಿನ ಊರೂರು ಸುತ್ತಿ ಬಂದವಳು. ಹಿರಿಯ ಗಂಡಸರೆಲ್ಲ ಮುಂದಿನ ಸಾಲಿನಲ್ಲಿ, ಈಕೆ ಕೊನೆಯ ಸಾಲಿನಲ್ಲಿ. ನಿಲ್ಲಿಸಿರೆಂದು ಕೂಗಿ ಹೇಳಬೇಕಾದ ಸ್ಥಳ ಅದು, ಆಕೆ ಕೂಗಲಿಲ್ಲ. ಮೂರನೆಯ ದಿನ ನಡುಕ, ಜ್ವರ, ಸೊಂಟದ ಒಂದು ಪಕ್ಕದಲ್ಲಿ ನೋವು. ಒಡನೆಯೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಒಂದು ವಾರ ಅಲ್ಲಿದ್ದು ಚೇತರಿಸಿಕೊಂಡಳು, ಮುಂದೆ ದಿನ ತುಂಬಿ ಹೆತ್ತಳು. ಆಕೆಗೆ ಬೇಕಾಗಿದ್ದುದು ಔಷಧವಲ್ಲ, ವಾಹನದ ಮುಂದಿನ ಆಸನ.

ಮಲಮೂತ್ರಗಳ ವೇಗವನ್ನು ತಡೆಯುವುದನ್ನು ಚರಕರು ಗರ್ಭಕ್ಕೆ ಹಾನಿಕರವಾದವುಗಳ ಪಟ್ಟಿಯಲ್ಲಿಯೇ ಇರಿಸಿದ್ದಾರೆ. ಅದನ್ನು ಇಂದಿನ ಭಾಷೆಗೆ ತಂದರೆ, ಗರ್ಭಿಣಿಯ ಪ್ರವಾಸದ ಯೋಜನೆ ಎಂಬುದು ಮೊದಲು ಶೌಚಾಲಯಗಳ ಯೋಜನೆ. ನೋಡುವ ಸ್ಥಳಗಳ ಯೋಜನೆ ಅನಂತರದ್ದು. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಿಸುವುದೆಂದು ಹೊರಡುವ ಮುನ್ನವೇ ಗಂಡನಾದವನು ಗುರುತು ಹಾಕಿಕೊಳ್ಳಲಿ. ಆಕೆ ಕೇಳುವವರೆಗೆ ಕಾಯದೆ ತಾನೇ ನಿಲ್ಲಿಸಲಿ. ಹೆದ್ದಾರಿಯ ದೊಡ್ಡ ಉಪಾಹಾರ ಗೃಹಗಳು ಇದಕ್ಕೆ ಅನುಕೂಲ; ಒಂದು ಲೋಟ ಕಾಫಿಯ ಬೆಲೆಗೆ ಸ್ವಚ್ಛ ಶೌಚಾಲಯ ಸಿಕ್ಕಿತೆಂದರೆ ಲಾಭವೇ. ಐದನೆಯ ತಿಂಗಳು ದಾಟಿದವರಿಗೆ ಕುಕ್ಕರಗಾಲಿನಲ್ಲಿ ಕುಳಿತೇಳುವಾಗ ಜೋಲಿ ತಪ್ಪುವ ಭಯವಿರುವುದರಿಂದ ಕುರ್ಚಿಯಂತಹ ಕಮೋಡು ಮೇಲು. ಕೈಚೀಲದಲ್ಲಿ ಸಾಬೂನು, ಕಾಗದ, ಕೈಯೊರೆಸಿಕೊಳ್ಳಲು ಬಟ್ಟೆ ಇರಲಿ. ದಿನಕ್ಕೆ ಎಂಟರಿಂದ ಹನ್ನೆರಡು ಲೋಟ ನೀರು ಹೊಟ್ಟೆಗೆ ಹೋಗಬೇಕು. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರೆಂದೇ ಅರ್ಥ.

ಉಳಿದುಕೊಳ್ಳುವ ಕೊಠಡಿ

ಹೋಟೆಲಿನ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ದೂರವಾಣಿಯಲ್ಲಿ ನಾಲ್ಕು ಪ್ರಶ್ನೆ ಕೇಳುವುದು ಮೇಲು. ಲಿಫ್ಟ್ ಇದೆಯೇ, ಕೊಠಡಿ ಎಷ್ಟನೆಯ ಅಂತಸ್ತಿನಲ್ಲಿದೆ? ಸ್ನಾನಗೃಹದ ನೆಲ ಜಾರುತ್ತದೆಯೇ? ಕಿಟಕಿಗಳಿಗೆ ಸೊಳ್ಳೆಪರದೆ ಇದೆಯೇ? ಇತ್ತೀಚೆಗೆ ಬಣ್ಣ ಬಳಿದಿದ್ದಾರೆಯೇ? ಗರ್ಭಿಣಿಗೆ ಡೆಂಗೀ ಜ್ವರ ಬಂದರೆ ತಾಯಿ ಮಗು ಇಬ್ಬರಿಗೂ ಕಷ್ಟ. ಡೆಂಗೀ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ ಎಂಬುದನ್ನು ನೆನಪಿಟ್ಟು ಮಧ್ಯಾಹ್ನದ ನಿದ್ರೆಗೂ ಪರದೆ ಬಳಸಬೇಕು. ಒದ್ದೆಯಾದ ನುಣುಪು ಹಾಸುಗಲ್ಲು ನನಗೆ ಚಾಮುಂಡಿ ಬೆಟ್ಟಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಒಂದು ರಬ್ಬರಿನ ಚಾಪೆಯನ್ನು ಮನೆಯಿಂದಲೇ ಸುತ್ತಿಕೊಂಡು ಹೋದರೆ ನಗುವವರು ನಗಲಿ.

ಹೆಚ್ಚುವರಿ ದಿಂಬು ಎರಡು ಕೇಳಿ ಪಡೆಯಬೇಕು. 20 ವಾರಗಳಾದ ಮೇಲೆ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಸಿರೆಯ ಮೇಲೆ ಬಿದ್ದು ತಲೆ ಸುತ್ತಬಹುದು. ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ಒಂದು ದಿಂಬಿಟ್ಟು ಮಲಗುವುದು ಹಿತಕರ. ದಸರೆಯ ಹತ್ತು ದಿನಗಳನ್ನು ಬಿಡಬೇಕು. ಆಗ ಕೊಠಡಿಗೆ ದುಬಾರಿ, ಬೀದಿಗೆ ನೂಕುನುಗ್ಗಲು, ರಾತ್ರಿಗೆ ನಿದ್ರೆಯಿಲ್ಲ. ಜಂಬೂಸವಾರಿಯ ಜನಸಾಗರದಲ್ಲಿ ಬಸುರಿ ನಿಲ್ಲುವುದಂತೂ ಕೂಡದು.

ಇಲ್ಲಿಯೇ ಇನ್ನೊಂದು ಮಾತು. ಈಗ ಅನೇಕ ಹೋಟೆಲುಗಳು ‘ಆಯುರ್ವೇದ ಮಸಾಜ್’ ಎಂಬ ಫಲಕ ಹಾಕಿಕೊಂಡಿವೆ. ನಾನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಗರ್ಭಿಣಿಯು ಅದರೊಳಗೆ ಕಾಲಿಡಬಾರದು. ವಮನ, ವಿರೇಚನಗಳೂ, ಬೆವರಿಳಿಸುವ ಸ್ವೇದನವೂ ಗರ್ಭಿಣಿಗೆ ಶಾಸ್ತ್ರದಲ್ಲಿಯೇ ನಿಷಿದ್ಧ. ಎಂಟು, ಒಂಬತ್ತನೆಯ ತಿಂಗಳುಗಳಲ್ಲಿ ಹೇಳಿರುವ ಬಸ್ತಿ ಮುಂತಾದ ಉಪಚಾರಗಳು ವೈದ್ಯರ ಸಮ್ಮುಖದಲ್ಲಿ ಮಾತ್ರ ಸಲ್ಲುವಂಥವು, ಪ್ರವಾಸಿಗರ ವಿಲಾಸವಲ್ಲ. ಹಬೆಯ ಕೋಣೆ, ಬಿಸಿನೀರಿನ ತೊಟ್ಟಿಗಳಲ್ಲಿ ತಾಯಿಯ ಮೈಶಾಖ ಏರಿದರೆ ಮಗುವಿಗೆ ಅದರಿಂದ ಪಾರಾಗುವ ದಾರಿಯಿಲ್ಲ. ನಡೆದು ದಣಿದ ಕಾಲುಗಳಿಗೆ ಗಂಡನ ಕೈಯಿಂದ ಬೆಚ್ಚನೆಯ ಎಳ್ಳೆಣ್ಣೆಯನ್ನು ಹಗುರವಾಗಿ ಸವರಿಸಿಕೊಂಡರೆ ಸಾಕು.

ಊಟ ಉಪಾಹಾರ

ಮೈಸೂರಿನಲ್ಲಿ ಸಸ್ಯಾಹಾರಿಗಳಿಗೆ ಏನೂ ಕೊರತೆಯಿಲ್ಲ. ಇಡ್ಲಿ, ದೋಸೆ, ಉಪ್ಪಿಟ್ಟು, ಬಿಸಿಬೇಳೆ ಭಾತು, ಅನ್ನ ತಿಳಿಸಾರು ಯಾವುದನ್ನೂ ಉಣ್ಣಬಹುದು. ಕಣ್ಣೆದುರಿಗೆ ಬೆಂದು, ಹಬೆಯಾಡುತ್ತಿರುವಾಗ ತಟ್ಟೆಗೆ ಬರಬೇಕೆಂಬುದೊಂದೇ ನಿಯಮ. ಚಟ್ನಿಯ ವಿಷಯದಲ್ಲಿ ಎಚ್ಚರ. ದೋಸೆ ಬಿಸಿಯಾಗಿದ್ದರೂ ಹಸಿ ಚಟ್ನಿ ಬೆಳಗಿನಿಂದ ಅಲ್ಲಿಯೇ ಇದ್ದಿರಬಹುದು. ಬೀದಿಬದಿಯ ಪಾನೀಪೂರಿ, ಹೆಚ್ಚಿಟ್ಟ ಹಣ್ಣು, ಐಸು ಹಾಕಿದ ಕಬ್ಬಿನ ಹಾಲು, ಕಾಯಿಸದ ಹಾಲಿನ ಪದಾರ್ಥಗಳನ್ನು ಮುಟ್ಟಬಾರದು.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಒಂದೇ ಉತ್ತರ: ಹೆಪಟೈಟಿಸ್ ಈ. ಕಲುಷಿತ ನೀರಿನಿಂದ ಬರುವ ಈ ಕಾಮಾಲೆ ಬೇರೆಯವರಿಗೆ ಕೆಲವು ವಾರಗಳ ನಿಶ್ಶಕ್ತಿಯಲ್ಲಿ ಮುಗಿಯುತ್ತದೆ. ಗರ್ಭಿಣಿಗೆ, ಅದರಲ್ಲಿಯೂ ಕೊನೆಯ ಮೂರು ತಿಂಗಳಿನಲ್ಲಿ ಬಂದರೆ, ಯಕೃತ್ತು ಹಠಾತ್ತನೆ ಸೋತು ನೂರರಲ್ಲಿ 20ರಿಂದ 25 ಮಂದಿಯವರೆಗೆ ಪ್ರಾಣ ಕಳೆದುಕೊಳ್ಳುವ ಸಂಭವವಿದೆ. ಒಂದು ತಟ್ಟೆ ಪಾನೀಪೂರಿಯನ್ನು ಗಂಡ ಹೆಂಡತಿ ಹಂಚಿಕೊಂಡು ತಿಂದರೆ ಇಬ್ಬರ ಪಾಲಿಗೂ ಅದು ಒಂದೇ ಅಲ್ಲವೆಂದಾಯಿತು. ಕುದಿಸಿದ ನೀರಿನಲ್ಲಿ ಈ ರೋಗಾಣು ಬದುಕುವುದಿಲ್ಲ. ಹೋಟೆಲಿನ ಕೊಠಡಿಯಲ್ಲಿರುವ ಚಿಕ್ಕ ವಿದ್ಯುತ್ ಕೆಟಲಿನಲ್ಲಿ ನೀರನ್ನು ಕುದಿಸಿ, ಆರಿಸಿ, ಬಾಟಲಿಗೆ ತುಂಬಿಕೊಂಡು ಹೊರಗೆ ಹೋಗುವುದು ಸುಲಭ. ಆಗದಿದ್ದರೆ ಮುದ್ರೆ ಒಡೆಯದ ಬಾಟಲಿಯ ನೀರು.

ಹಣ್ಣುಗಳಲ್ಲಿ ಪ್ರವಾಸಿಗೆ ಬಾಳೆಯೇ ಶ್ರೇಷ್ಠ. ತನ್ನ ಸಿಪ್ಪೆಯಲ್ಲಿ ತಾನೇ ಭದ್ರವಾಗಿರುತ್ತದೆ. ಮೈಸೂರಿಗೆ ಹೋದ ಮೇಲೆ ನಂಜನಗೂಡಿನ ರಸಬಾಳೆ ಸಿಕ್ಕರೆ ಬಿಡಬಾರದು. ಮೈಸೂರು ಪಾಕನ್ನು ಬೇಡವೆಂದರೆ ಯಾರೂ ನನ್ನ ಮಾತು ಕೇಳರು. ಗರ್ಭಾವಸ್ಥೆಯ ಸಕ್ಕರೆ ರೋಗವಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದಿದ್ದರೆ ಒಂದು ತುಂಡು ತಿನ್ನಲಿ. ಸಕ್ಕರೆ ಇರುವವರು ಅದನ್ನು ಮನೆಯವರಿಗೆ ಕಟ್ಟಿಸಿಕೊಳ್ಳಲಿ. ಕಾಫಿ ದಿನಕ್ಕೆ ಎರಡು ಚಿಕ್ಕ ಲೋಟಕ್ಕೆ ಸೀಮಿತವಿರಲಿ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ ಚಹಾಗಳೊಡನೆಯಾಗಲಿ, ಸುಣ್ಣದ ಮಾತ್ರೆಯೊಡನೆಯಾಗಲಿ ನುಂಗಬಾರದು. ಪ್ರವಾಸದ ನೆವದಲ್ಲಿ ಅದನ್ನು ನಿಲ್ಲಿಸಲೂ ಬಾರದು. ಮಲಬದ್ಧತೆಯಾದರೆ ನೆನೆಸಿದ ಒಣದ್ರಾಕ್ಷಿ, ರಾತ್ರಿ ತುಪ್ಪ ಬೆರೆಸಿದ ಬಿಸಿ ಹಾಲು ಸಾಕು. ಹಾಲು ತುಪ್ಪವನ್ನು ಐದನೆಯ ತಿಂಗಳಿಗೆ ಚರಕರೇ ವಿಧಿಸಿದ್ದಾರೆ. ಸೋನಾಮುಖಿ ಮೊದಲಾದ ತೀಕ್ಷ್ಣ ಭೇದಿ ಔಷಧಗಳು ಅಂಗಡಿಯಲ್ಲಿ ಸಿಗುತ್ತವೆಂದು ಕೊಳ್ಳಬಾರದು. ಸೊಂಟ ನೋವಿಗೆಂದು ಔಷಧದ ಅಂಗಡಿಯವರು ಕೊಡುವ ನೋವಿನ ಮಾತ್ರೆಗಳೂ ಬೇಡ. ಅವುಗಳಲ್ಲಿ ಕೆಲವು ಮಗುವಿನ ಮೂತ್ರಪಿಂಡಗಳಿಗೆ ಹಾನಿಮಾಡುತ್ತವೆ.

ನೋಡುವ ಸ್ಥಳಗಳು

ಬೆಳಿಗ್ಗೆ ಒಂದು ಸ್ಥಳ, ಸಂಜೆ ಒಂದು ಸ್ಥಳ, ನಡುವೆ ಎರಡು ಗಂಟೆ ಮಲಗುವುದು. ಇದಕ್ಕಿಂತ ಹೆಚ್ಚು ಬೇಡ. ಈ ಕಾಲದಲ್ಲಿ ದೇಹದ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಸುಮ್ಮನೆ ಕುಳಿತಿದ್ದರೂ ಹೃದಯಕ್ಕೆ ಕೆಲಸವಿರುತ್ತದೆ. ಬಿಸಿಲಿನ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುವುದು ಸಹಜ.

ಅಂಬಾವಿಲಾಸ ಅರಮನೆಗೆ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವಾಗಲೇ ಹೋಗುವುದು ಲೇಸು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಹಾಳಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿಸಿದ ಈ ಕಟ್ಟಡದೊಳಗೆ ಚಪ್ಪಲಿ ತೊಡುವಂತಿಲ್ಲ. ಮಧ್ಯಾಹ್ನವಾದರೆ ಹೊರಗಿನ ಕಲ್ಲುಹಾಸು ಕಾದಿರುತ್ತದೆ, ಆತುರದಲ್ಲಿ ಓಡಿದವರು ಎಡವುತ್ತಾರೆ. ಮೆಟ್ಟಿಲುಗಳಲ್ಲಿ ಕೈಪಿಡಿಯ ಪಕ್ಕದಲ್ಲಿಯೇ ನಡೆಯಬೇಕು. ಹೊಟ್ಟೆ ಮುಂದೆ ಬಂದಂತೆ ದೇಹದ ತೂಕದ ಕೇಂದ್ರ ಬದಲಾಗಿರುತ್ತದೆ, ಕೀಲುಗಳ ಕಟ್ಟುಗಳು ಸಡಿಲವಾಗಿರುತ್ತವೆ. ಭಾನುವಾರ ಹಾಗೂ ಸರ್ಕಾರಿ ರಜಾದಿನಗಳ ಸಂಜೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುವುದನ್ನು ನೋಡದೆ ಬರಬೇಡಿರಿ. ಜನರ ಮಧ್ಯಕ್ಕೆ ಹೋಗದೆ ಬಾಗಿಲಿಗೆ ಸಮೀಪ, ಕುಳಿತುಕೊಳ್ಳಲು ಎಡೆಯಿರುವಲ್ಲಿ ನಿಲ್ಲಬೇಕು. ಎಲ್ಲರೂ ಚದುರಿದ ಮೇಲೆ ನಿಧಾನವಾಗಿ ಹೊರಡಬೇಕು.

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳಿವೆ. ಹರಕೆಯಿದ್ದರೂ ಈಗ ಅವು ಬೇಡ, ಮಗು ಹುಟ್ಟಿದ ಮೇಲೆ ತೀರಿಸಬಹುದು. ರಸ್ತೆಯಿದೆ, ಏಕಶಿಲೆಯ ದೊಡ್ಡ ನಂದಿಯ ಬಳಿಗೂ ವಾಹನ ಹೋಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು ಎತ್ತರ ಗರ್ಭಕ್ಕೆ ಏನೂ ಮಾಡದು, ತಿರುವುಗಳು ಮಾತ್ರ ವಾಂತಿ ತರಿಸಬಹುದು. ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನದೆ, ಖಾಲಿಯೂ ಇಡದೆ, ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡು ಮುಂದಿನ ಆಸನದಲ್ಲಿ ಕೂರಬೇಕು.

1892ರಲ್ಲಿ ಆರಂಭವಾದ ಮೃಗಾಲಯ ಮಂಗಳವಾರ ಮುಚ್ಚಿರುತ್ತದೆ. ಅದನ್ನು ಪೂರ್ತಿ ಸುತ್ತಲು ಬಹಳ ನಡೆಯಬೇಕು. ಅಲ್ಲಿ ಬ್ಯಾಟರಿ ವಾಹನಗಳಿವೆ, ಬಳಸಿಕೊಳ್ಳಿರಿ. ನನ್ನನ್ನು ಕೇಳಿದರೆ ಗರ್ಭಿಣಿಗೆ ಪಕ್ಕದ ಕಾರಂಜಿ ಕೆರೆಯ ದಂಡೆಯೇ ಹೆಚ್ಚು ಹಿತ. ನೆರಳು, ನೀರು, ಹಕ್ಕಿಗಳು, ಕೂರಲು ಬೆಂಚು. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ಬಂದರೂ ಮನಸ್ಸಿಗೆ ಪ್ರಸನ್ನತೆ. ದೇವರಾಜ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಹೂವಿನ ಪರಿಮಳಕ್ಕಾಗಿ ನುಗ್ಗುವುದಕ್ಕಿಂತ ಗಂಡನನ್ನು ಕಳುಹಿಸಿ ಮಲ್ಲಿಗೆ ತರಿಸಿಕೊಳ್ಳುವುದು ಒಳ್ಳೆಯದು. ಬೃಂದಾವನದ ಕಾರಂಜಿಗಳನ್ನು ನೋಡಲು ಕತ್ತಲಾದ ಮೇಲೆ ದೂರ ನಡೆಯಬೇಕು, ಮೆಟ್ಟಿಲುಗಳೂ ಇವೆ. ಅದನ್ನು ಈ ಸಲ ಬಿಟ್ಟರೆ ನಷ್ಟವಿಲ್ಲ.

ಜೊತೆಗಿರಬೇಕಾದುದು

ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ, ದಿನನಿತ್ಯದ ಮಾತ್ರೆಗಳು ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿ ಇರಬೇಕು. ಮೈಸೂರಿನಲ್ಲಿ ಹೆರಿಗೆಗೂ ಮಕ್ಕಳಿಗೂ ಮೀಸಲಾದ ಸರ್ಕಾರಿ ಚೆಲುವಾಂಬ ಆಸ್ಪತ್ರೆ ನಗರದ ನಡುವೆಯೇ ಇದೆ. ಖಾಸಗಿ ಆಸ್ಪತ್ರೆಗಳೂ ಇವೆ. ಉಳಿದುಕೊಂಡ ಸ್ಥಳದಿಂದ ಹತ್ತಿರದ್ದು ಯಾವುದೆಂದು ಮೊದಲ ದಿನವೇ ವಿಚಾರಿಸಿಕೊಳ್ಳಬೇಕು. ಆಂಬ್ಯುಲೆನ್ಸಿಗೆ 108.

ರಕ್ತ ಕಂಡರೆ, ನೀರು ಒಡೆದಂತೆ ಸೋರಿದರೆ, ಹೊಟ್ಟೆ ಪದೇ ಪದೇ ಗಟ್ಟಿಯಾಗಿ ಗಂಟೆಗೆ ನಾಲ್ಕಕ್ಕೂ ಹೆಚ್ಚು ಬಾರಿ ಬಿಗಿದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಮುಖ ಊದಿದರೆ, ಜ್ವರ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ನಾಳೆ ಊರಿಗೆ ಹೋಗಿ ತೋರಿಸೋಣವೆಂದು ಕಾಯಬಾರದು. ಹೋಟೆಲಿಗೆ ಕಟ್ಟಿದ ಹಣ ಹೋಗಲಿ. ‘ಪ್ರವಾಸ ಕೆಡುತ್ತದೆ’ ಎಂದು ಎಷ್ಟೋ ಹೆಣ್ಣುಮಕ್ಕಳು ಇಂತಹ ಲಕ್ಷಣಗಳನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಆದುದರಿಂದ ರಾತ್ರಿ ಮಲಗುವ ಮುನ್ನ ಗಂಡನೇ ಒಂದೊಂದಾಗಿ ಕೇಳಿ ತಿಳಿದುಕೊಳ್ಳಬೇಕು.

ಮರಳಿ ಬಂದ ಮರುದಿನ ಮನೆಗೆಲಸವಾಗಲಿ ಕಛೇರಿಯಾಗಲಿ ಬೇಡ. ಮುಂದಿನ ತಪಾಸಣೆಯಲ್ಲಿ ಹೋಗಿ ಬಂದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ನೀರಿನಿಂದ ಅಂಟುವ ಕಾಮಾಲೆ ಹೊರಗೆ ಕಾಣಿಸಿಕೊಳ್ಳಲು ಎರಡರಿಂದ ಎಂಟು ವಾರಗಳು ಬೇಕಾಗುವುದರಿಂದ, ಪ್ರವಾಸವನ್ನು ಎಲ್ಲರೂ ಮರೆತ ಮೇಲೆಯೂ ಹಸಿವು ಮಾಯವಾಗಿ, ಮೂತ್ರ ಕಡು ಹಳದಿಯಾದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.